ಅಂಗೈ ರೇಡಿಯೊಗೆ ಮಾಳಿಗೆಯ ಆಂಟೆನಾ

ಅಂಗೈಯಲ್ಲಿ ಹಿಡಿಯಬಹುದಾದ ರೇಡಿಯೊ ಸ್ಕ್ಯಾನರ್ ಮೇಲ್ನೋಟಕ್ಕೆ ವಾಕಿಟಾಕಿಯನ್ನು ಹೋಲುತ್ತದೆಯಾದರೂ ಅದು ಮಾತನ್ನು ಕಳುಹಿಸುವ ಯಂತ್ರವಲ್ಲ, ಕೇಳುವ ಯಂತ್ರ ಮಾತ್ರ. ಸಾಮಾನ್ಯ ರೇಡಿಯೊದಲ್ಲಿ ಕೇಳುಗನು ಗುಂಡಿಯನ್ನು ತಿರುವಿ ಒಂದು ಕೇಂದ್ರಕ್ಕೆ ನಿಲ್ಲಿಸಿದರೆ, ಸ್ಕ್ಯಾನರ್ ತನ್ನಷ್ಟಕ್ಕೆ ತಾನೇ ನೂರಾರು ಆವರ್ತನಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತ, ಸಂಕೇತ ಸಿಕ್ಕಲ್ಲಿ ನಿಂತು, ಅಲ್ಲಿನ ಮಾತು ಮುಗಿದ ಮೇಲೆ ಮತ್ತೆ ಮುಂದಕ್ಕೆ ಸಾಗುತ್ತದೆ. ಆವರ್ತನವೆಂದರೆ ರೇಡಿಯೊ ಅಲೆ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುತ್ತದೆ ಎಂಬುದರ ಎಣಿಕೆ. ಸೆಕೆಂಡಿಗೆ ಹತ್ತು ಲಕ್ಷ ಕಂಪನಗಳಾದರೆ ಅದು ಒಂದು ಮೆಗಾಹರ್ಟ್ಸ್. ಆಕಾಶವಾಣಿಯ ಎಫ್‌ಎಂ ಪ್ರಸಾರ, ವಿಮಾನಗಳ ಸಂಭಾಷಣೆ, ಹವ್ಯಾಸಿ ರೇಡಿಯೊ, ಉಪಗ್ರಹಗಳ ಸಂಕೇತ ಮುಂತಾದವೆಲ್ಲ ಹರಿದಾಡುವ ಹತ್ತಾರು ಮೆಗಾಹರ್ಟ್ಸ್‌ನಿಂದ ಸಾವಿರದಾಚೆಯವರೆಗಿನ ವಿಸ್ತಾರದಲ್ಲಿ ಈ ಯಂತ್ರಗಳು ಕೆಲಸ ಮಾಡುತ್ತವೆ.

ಇಷ್ಟು ವಿಶಾಲವಾದ ಕಿವಿಯುಳ್ಳ ಯಂತ್ರದ ನೆತ್ತಿಯ ಮೇಲೆ ತಯಾರಕರು ಕೂರಿಸುವುದು ಗೇಣುದ್ದದ ರಬ್ಬರ್ ಹೊದಿಕೆಯ ಆಂಟೆನಾವನ್ನು. ಅದರೊಳಗೆ ತಂತಿಯನ್ನು ಸುರುಳಿಯಾಗಿ ಸುತ್ತಿ ಉದ್ದವನ್ನು ಕುಗ್ಗಿಸಲಾಗಿರುತ್ತದೆ. ಹೀಗೆ ಕುಗ್ಗಿಸಿದ್ದರಿಂದ ಜೇಬಿನಲ್ಲಿ ಇಟ್ಟುಕೊಳ್ಳುವ ಅನುಕೂಲ ದೊರೆಯುತ್ತದೆ, ಆದರೆ ಅಲೆಯಿಂದ ಹೀರಬಹುದಾದ ಶಕ್ತಿಯ ಬಹುಪಾಲು ಕೈತಪ್ಪುತ್ತದೆ. ಆಂಟೆನಾದ ಇನ್ನರ್ಧದ ಕೆಲಸವನ್ನು ಯಂತ್ರದ ಲೋಹದ ಚೌಕಟ್ಟು ಮತ್ತು ಅದನ್ನು ಹಿಡಿದ ಮನುಷ್ಯನ ಕೈ ಮಾಡಬೇಕಾಗುವುದರಿಂದ, ಯಂತ್ರವನ್ನು ಮೇಜಿನ ಮೇಲೆ ಇಟ್ಟ ಕ್ಷಣವೇ ಸಂಕೇತ ಕುಂದುವುದುಂಟು. ಮನೆಯ ಗೋಡೆ, ಕಾಂಕ್ರೀಟಿನೊಳಗಿನ ಕಬ್ಬಿಣ, ತಗಡಿನ ಚಾವಣಿ ಇವೆಲ್ಲವೂ ಸೇರಿ ಉಳಿದದ್ದನ್ನು ತಡೆಯುತ್ತವೆ. ಆದುದರಿಂದ ಸ್ಕ್ಯಾನರ್ ಎಷ್ಟು ದೂರದ ಧ್ವನಿಯನ್ನು ಹಿಡಿಯಬಲ್ಲದು ಎಂಬುದನ್ನು ಅದರ ಬೆಲೆಗಿಂತ ಹೆಚ್ಚಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ: ಆಂಟೆನಾ ಎಷ್ಟು ಎತ್ತರದಲ್ಲಿದೆ, ಅಲ್ಲಿ ಸಿಕ್ಕ ಸಂಕೇತವನ್ನು ಕೆಳಗಿಳಿಸುವ ಕೇಬಲ್ ಎಷ್ಟು ಉತ್ತಮವಾಗಿದೆ, ಮತ್ತು ಆ ಕೇಬಲ್ ಯಂತ್ರವನ್ನು ಕೂಡುವ ಜಾಗದಲ್ಲಿ ಎಷ್ಟು ಜಾಣ್ಮೆಯಿಂದ ಜೋಡಣೆಯಾಗಿದೆ ಎಂಬುವು. ಈ ಮೂರನ್ನೂ ವಿಜಯಪುರ ಜಿಲ್ಲೆಯ ಜೈನಾಪುರ, ತಿಕೋಟಾ, ಬಬಲೇಶ್ವರ ಭಾಗದ ಬಯಲನ್ನು ಕಣ್ಣೆದುರಿಗಿಟ್ಟುಕೊಂಡು ವಿವರಿಸುವುದು ಇಲ್ಲಿನ ಉದ್ದೇಶ. ಏಕೆಂದರೆ ಎತ್ತರದ ಬೆಲೆ ಬಯಲಿನಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ತಿಳಿಯುವುದಿಲ್ಲ.

ಬಯಲು ಮತ್ತು ಎತ್ತರದ ಲೆಕ್ಕ

ಸುಮಾರು 30 ಮೆಗಾಹರ್ಟ್ಸ್‌ಗಿಂತ ಮೇಲಿನ ರೇಡಿಯೊ ಅಲೆಗಳು ಬಹುಮಟ್ಟಿಗೆ ನೇರ ಗೆರೆಯಲ್ಲಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ, ಗುಡ್ಡಬೆಟ್ಟಗಳ ಅಡ್ಡಿ ಇಲ್ಲದ ಬಯಲಿನಲ್ಲಿಯೂ ನೆಲದ ಬಾಗೇ ಒಂದು ಹಂತದ ನಂತರ ಅಡ್ಡ ಬರುತ್ತದೆ. ವಾತಾವರಣವು ಅಲೆಯನ್ನು ತುಸು ಕೆಳಕ್ಕೆ ಬಗ್ಗಿಸುವುದರಿಂದ ರೇಡಿಯೊದ ದಿಗಂತ ಕಣ್ಣಿನ ದಿಗಂತಕ್ಕಿಂತ ಸ್ವಲ್ಪ ಆಚೆಗಿರುತ್ತದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ದಿಗಂತದ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ನೆಲದ ಮೇಲೆ ನಿಂತು ಒಂದೂವರೆ ಮೀಟರ್ ಎತ್ತರದಲ್ಲಿ ಯಂತ್ರವನ್ನು ಹಿಡಿದವನ ರೇಡಿಯೊ ದಿಗಂತ ಸುಮಾರು 5 ಕಿಲೋಮೀಟರ್. ಮಾಳಿಗೆಯ ಮೇಲೆ ಕೊಳವೆ ನಿಲ್ಲಿಸಿ ಆಂಟೆನಾವನ್ನು 9 ಮೀಟರಿಗೆ ಏರಿಸಿದರೆ ಅದು 12 ಕಿಲೋಮೀಟರನ್ನು ದಾಟುತ್ತದೆ. ಕಳುಹಿಸುವ ಕಡೆಯ ಆಂಟೆನಾಕ್ಕೂ ತನ್ನದೇ ದಿಗಂತ ಇರುವುದರಿಂದ ಎರಡನ್ನೂ ಕೂಡಿಸಬೇಕು. 100 ಮೀಟರ್ ಎತ್ತರದ ಗೋಪುರವೊಂದರ ದಿಗಂತವೇ 41 ಕಿಲೋಮೀಟರ್ ಆಗಿರುವುದರಿಂದ, ಒಂಬತ್ತು ಮೀಟರಿನ ಆಂಟೆನಾ ಅದನ್ನು 53 ಕಿಲೋಮೀಟರ್ ದೂರದಿಂದಲೂ ನೇರವಾಗಿ ಕಾಣುತ್ತದೆ.

ವಿಜಯಪುರದವರಿಗೆ ಈ ತತ್ತ್ವ ಹೊಸದೇನಲ್ಲ. ಆದಿಲ್‌ಶಾಹಿ ಕಾಲದಲ್ಲಿ, 1584ರ ಸುಮಾರಿಗೆ ಹೈದರ್ ಖಾನನು ಕಟ್ಟಿಸಿದ ಉಪ್ಪಲಿ ಬುರುಜು ಸುಮಾರು 24 ಮೀಟರ್ ಎತ್ತರಕ್ಕೆ ನಿಂತಿರುವುದು ನಗರದ ಸುತ್ತಲಿನ ಬಯಲಿನ ಮೇಲೆ ಕಾವಲು ಕಣ್ಣಿಡುವುದಕ್ಕಾಗಿಯೇ. ಹತ್ತಿರದಲ್ಲಿ ಸಹಜವಾದ ಬೆಟ್ಟ ಇಲ್ಲದ ಊರು ಎತ್ತರವನ್ನು ಕಲ್ಲಿನಿಂದ ಕಟ್ಟಿಕೊಳ್ಳಬೇಕಾಯಿತು. ಅದೇ ಎತ್ತರಕ್ಕೆ ಇಂದಿನ ಲೆಕ್ಕ ಹಾಕಿದರೆ ರೇಡಿಯೊ ದಿಗಂತ 20 ಕಿಲೋಮೀಟರ್ ಆಗುತ್ತದೆ. ದಿಗಂತದ ದೂರವಷ್ಟೇ ಅಲ್ಲ, ಅದರೊಳಗಿನ ಸಂಕೇತದ ಬಲವೂ ಎತ್ತರದೊಂದಿಗೆ ಏರುತ್ತದೆ: ಸಪಾಟಾದ ನೆಲದಲ್ಲಿ ನೇರವಾಗಿ ಬಂದ ಅಲೆ ಮತ್ತು ನೆಲಕ್ಕೆ ತಾಗಿ ಚಿಮ್ಮಿದ ಅಲೆ ಒಂದನ್ನೊಂದು ಅಳಿಸುವ ಪ್ರವೃತ್ತಿ ಇರುವುದರಿಂದ, ಆಂಟೆನಾವನ್ನು ಎರಡು ಪಟ್ಟು ಎತ್ತರಿಸಿದಾಗ ದೂರದಿಂದ ಬರುವ ಸಂಕೇತದ ಶಕ್ತಿ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಹೆಚ್ಚು ಬೆಲೆಯ ಯಂತ್ರವನ್ನು ಕೊಂಡರೂ ಇಷ್ಟು ಲಾಭ ಸಿಗುವುದು ಅಪರೂಪ.

ಕೇಬಲ್ ನುಂಗುವ ಪಾಲು

ಎತ್ತರದಲ್ಲಿ ದೊರೆತದ್ದನ್ನು ಕೆಳಗೆ ತರುವ ಕೆಲಸ ಕೋಆಕ್ಸಿಯಲ್ ಕೇಬಲಿನದು. ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ನಿರೋಧಕ ಪದರ, ಅದರ ಮೇಲೆ ಲೋಹದ ಹೆಣಿಗೆ, ಎಲ್ಲಕ್ಕೂ ಹೊರಗೆ ಪ್ಲಾಸ್ಟಿಕ್ ಕವಚ ಎಂಬ ಈ ರಚನೆಗೆ 1880ರಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಪೇಟೆಂಟ್ ಪಡೆದನು. ಸಂಕೇತವು ಒಳತಂತಿಗೂ ಹೊರಹೆಣಿಗೆಗೂ ನಡುವಿನ ಪದರದಲ್ಲಿ ಬಂದಿಯಾಗಿ ಸಾಗುವುದರಿಂದ ಹೊರಗಿನ ಗದ್ದಲ ಒಳಗೆ ಸೇರುವುದಿಲ್ಲ. ಆದರೆ ಸಾಗುವ ದಾರಿಯಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಕೇಬಲ್ ತೆಳುವಾದಷ್ಟೂ, ಉದ್ದವಾದಷ್ಟೂ, ಆವರ್ತನ ಏರಿದಷ್ಟೂ ಈ ನಷ್ಟ ಹೆಚ್ಚುತ್ತದೆ. ಇದನ್ನು ಡೆಸಿಬೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ: 3 ಡೆಸಿಬೆಲ್ ನಷ್ಟವೆಂದರೆ ಶಕ್ತಿ ಅರ್ಧಕ್ಕೆ ಇಳಿಯಿತು, 10 ಡೆಸಿಬೆಲ್ ಎಂದರೆ ಹತ್ತನೆಯ ಒಂದು ಪಾಲು ಮಾತ್ರ ಉಳಿಯಿತು ಎಂದು ಅರ್ಥ.

ಮಾಳಿಗೆಯ ಕೊಳವೆಯ ತುದಿಯಿಂದ ಕೆಳಗಿನ ಕೋಣೆಯವರೆಗೆ 15 ಮೀಟರ್ ಕೇಬಲ್ ಬೇಕೆಂದು ಇಟ್ಟುಕೊಂಡು, 145 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಲೆಕ್ಕ ಹಾಕಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೂರು ಮಿಲಿಮೀಟರಿಗಿಂತ ತೆಳುವಾದ ಆರ್‌ಜಿ-174 ಕೇಬಲಿನಲ್ಲಿ ಸುಮಾರು 5 ಡೆಸಿಬೆಲ್ ನಷ್ಟವಾಗಿ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಶಕ್ತಿ ಯಂತ್ರವನ್ನು ತಲಪುತ್ತದೆ. ಐದು ಮಿಲಿಮೀಟರ್ ದಪ್ಪದ ಆರ್‌ಜಿ-58ರಲ್ಲಿ ಸರಿಸುಮಾರು ಅರ್ಧ ಉಳಿಯುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಎಲ್‌ಎಂಆರ್-400ರಲ್ಲಿ ನಷ್ಟ ಒಂದು ಡೆಸಿಬೆಲನ್ನೂ ಮುಟ್ಟುವುದಿಲ್ಲ, ಆದರೆ ಅದು ದುಬಾರಿ, ಬಗ್ಗಿಸಲು ಬಿರುಸು, ಮತ್ತು ಜಿಲ್ಲಾ ಕೇಂದ್ರದ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಸರಕಲ್ಲ. ಆವರ್ತನವನ್ನು 435 ಮೆಗಾಹರ್ಟ್ಸ್‌ಗೆ ಏರಿಸಿದರೆ ಆರ್‌ಜಿ-58ರ ನಷ್ಟ ಐದು ಡೆಸಿಬೆಲ್ ದಾಟಿ, ಆಂಟೆನಾ ಸಂಪಾದಿಸಿದ್ದರ ಮುಕ್ಕಾಲು ಪಾಲಿನಷ್ಟನ್ನು ಕೇಬಲೇ ನುಂಗುತ್ತದೆ.

ಈ ಇಕ್ಕಟ್ಟಿಗೆ ಒಳ್ಳೆಯ ಪರಿಹಾರವೊಂದು ಪ್ರತಿ ಹಳ್ಳಿಯಲ್ಲಿಯೂ ಈಗಾಗಲೇ ಇದೆ, ಅದು ಟಿ.ವಿ. ಡಿಷ್ ಜೋಡಿಸುವವರು ಬಳಸುವ ಆರ್‌ಜಿ-6 ಕೇಬಲ್. ಉಪಗ್ರಹದಿಂದ ಬಂದ ಸಂಕೇತವನ್ನು ಡಿಷ್‌ನಿಂದ ಪೆಟ್ಟಿಗೆಗೆ ಸಾವಿರ ಮೆಗಾಹರ್ಟ್ಸ್‌ಗೂ ಮೀರಿದ ಆವರ್ತನದಲ್ಲಿ ಇಳಿಸುವುದಕ್ಕಾಗಿ ರೂಪಿಸಿದ ಈ ಕೇಬಲಿನಲ್ಲಿ ಅದೇ 15 ಮೀಟರಿಗೆ, ಅದೇ 145 ಮೆಗಾಹರ್ಟ್ಸ್‌ನಲ್ಲಿ ನಷ್ಟ ಸುಮಾರು ಒಂದೂಕಾಲು ಡೆಸಿಬೆಲ್ ಮಾತ್ರ. ಇದರ ವಿಷಯದಲ್ಲಿ ಕೇಳಿಬರುವ ಆಕ್ಷೇಪ ಇಂಪೆಡೆನ್ಸಿಗೆ ಸಂಬಂಧಿಸಿದ್ದು. ಇಂಪೆಡೆನ್ಸ್ ಎಂದರೆ ಸಾಗುವ ಅಲೆಗೆ ಕೇಬಲ್ ತೋರುವ ವಿಶಿಷ್ಟ ಪ್ರತಿಬಂಧ. ಸ್ಕ್ಯಾನರುಗಳು ಮತ್ತು ಸಂಪರ್ಕ ರೇಡಿಯೊಗಳು 50 ಓಮಿನ ಕೇಬಲಿಗೆ ರೂಪಿತವಾಗಿರುತ್ತವೆ, ಟಿ.ವಿ. ಕೇಬಲ್ 75 ಓಮಿನದು. ಎರಡು ಬೇರೆ ಬೇರೆ ಇಂಪೆಡೆನ್ಸುಗಳು ಕೂಡುವ ಜಾಗದಲ್ಲಿ ಸಂಕೇತದ ಒಂದು ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ ಎಂಬುದು ನಿಜವೇ, ಆದರೆ 50 ಮತ್ತು 75ರ ನಡುವೆ ಹಾಗೆ ಹಿಂದಿರುಗುವ ಶಕ್ತಿ ನೂರಕ್ಕೆ 4ರಷ್ಟು ಮಾತ್ರ. ಪ್ರಸಾರ ಮಾಡುವ ಯಂತ್ರದಲ್ಲಿ ಇದನ್ನು ಗಮನಿಸಬೇಕಾಗುತ್ತದೆ; ಕೇಳುವುದಕ್ಕಷ್ಟೇ ಬಳಸುವಾಗ ಒಳ್ಳೆಯ 75 ಓಮಿನ ಕೇಬಲ್ ತೆಳುವಾದ 50 ಓಮಿನ ಕೇಬಲಿಗಿಂತ ಖಂಡಿತವಾಗಿ ಮೇಲು. ಆರ್‌ಜಿ-6ರ ಹೊರಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದಾದ್ದರಿಂದ ಅದಕ್ಕೆ ಬೆಸುಗೆ ಹತ್ತುವುದಿಲ್ಲ. ಡಿಷ್ ಜೋಡಿಸುವವರಂತೆ ಒತ್ತಿ ಕೂರಿಸುವ ಎಫ್ ಕನೆಕ್ಟರನ್ನೇ ಬಳಸಿ, ಯಂತ್ರದ ಕಡೆ ಅದಕ್ಕೆ ತಕ್ಕ ಅಡಾಪ್ಟರ್ ಹಾಕಬೇಕು.

ಯಂತ್ರವನ್ನು ಕೂಡುವ ಜಾಗ

ಹೊರಗಿನ ಕೇಬಲನ್ನು ಕೈಯಂತ್ರಕ್ಕೆ ಜೋಡಿಸುವ ಕಾರ್ಯದಲ್ಲಿ ಹೆಚ್ಚಿನ ಹಾನಿ ಆಗುವುದು ಕೊನೆಯ ಒಂದು ಅಂಗುಲದಲ್ಲಿ. ಯಂತ್ರದ ನೆತ್ತಿಯ ಮೇಲಿರುವ ಕನೆಕ್ಟರ್ ಸಾಮಾನ್ಯವಾಗಿ ಎರಡು ಬಗೆಯದು. ಮೊದಲನೆಯದು ಬಿಎನ್‌ಸಿ, ಬೆಲ್ ಪ್ರಯೋಗಾಲಯದ ಪಾಲ್ ನೀಲ್ ಮತ್ತು ಆಂಫಿನಾಲ್ ಸಂಸ್ಥೆಯ ಕಾರ್ಲ್ ಕಾನ್ಸೆಲ್‌ಮನ್ ಎಂಬ ಇಬ್ಬರು ಎಂಜಿನಿಯರುಗಳ ಹೆಸರಿನ ಅಕ್ಷರಗಳನ್ನು ಹೊತ್ತಿರುವ ಇದನ್ನು ಒತ್ತಿ ಕಾಲು ಸುತ್ತು ತಿರುಗಿಸಿದರೆ ಬಿಗಿಯುತ್ತದೆ, ಮತ್ತೆ ಮತ್ತೆ ಹಾಕಿ ತೆಗೆಯಲು ಅನುಕೂಲವಾಗಿದೆ. ಎರಡನೆಯದು ಅದಕ್ಕಿಂತ ಸಣ್ಣದಾದ, ಮರೆಯ (ತಿರುಪಿನ) ಸುತ್ತುಗಳಿರುವ ಎಸ್‌ಎಂಎ. ಹೊಸ ಯಂತ್ರಗಳಲ್ಲಿ ಇದೇ ಹೆಚ್ಚು. ಎಸ್‌ಎಂಎಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ತಯಾರಕರು ಯಂತ್ರದ ಮೇಲೆ ನಡುವೆ ರಂಧ್ರವಿರುವ ಹೆಣ್ಣು ಭಾಗವನ್ನು, ಇನ್ನು ಕೆಲವರು ನಡುವೆ ಸೂಜಿಯಿರುವ ಗಂಡು ಭಾಗವನ್ನು ಕೂರಿಸುತ್ತಾರೆ. ಇದಲ್ಲದೆ ವೈಫೈ ಪೆಟ್ಟಿಗೆಗಳಲ್ಲಿ ಬಳಸುವ ತಿರುವುಮುರುವಾದ ಎಸ್‌ಎಂಎಯೂ ಇದ್ದು, ಅದು ಇದರ ಮೇಲೆ ಮರೆ ಹತ್ತಿ ಬಿಗಿಯಾಗಿ ಕೂತರೂ ಒಳಗಿನ ಸೂಜಿ ರಂಧ್ರಗಳು ಕೂಡದೆ ಸಂಪರ್ಕವೇ ಏರ್ಪಡದೆ ಉಳಿಯಬಹುದು. ಆದುದರಿಂದ ಅಡಾಪ್ಟರ್ ಕೊಳ್ಳುವ ಮೊದಲು ಹೊರಗಿನ ಮರೆಯನ್ನಷ್ಟೇ ಅಲ್ಲದೆ ನಡುವಿನ ಸೂಜಿಯನ್ನೂ ನೋಡಬೇಕು.

ಕೊಳವೆಯಿಂದ ಇಳಿದ ದಪ್ಪ ಕೇಬಲನ್ನು ಒಂದರ ಮೇಲೊಂದು ಅಡಾಪ್ಟರುಗಳ ಮೂಲಕ ನೇರವಾಗಿ ಯಂತ್ರದ ನೆತ್ತಿಗೆ ಸಿಕ್ಕಿಸುವುದು ಬಹುಜನರು ಮಾಡುವ ತಪ್ಪು. ಒಳ್ಳೆಯ ಅಡಾಪ್ಟರಿನಿಂದ ಸಂಕೇತಕ್ಕೆ ಆಗುವ ನಷ್ಟ ಗಣನೆಗೆ ಬಾರದಷ್ಟು ಕಡಿಮೆ, ಅಪಾಯವಿರುವುದು ಭಾರದಲ್ಲಿ. ಬಿರುಸಾದ ಕೇಬಲ್ ತುಸು ಎಳೆದರೂ ಉದ್ದನೆಯ ಅಡಾಪ್ಟರು ಸನ್ನೆಗೋಲಿನಂತೆ ವರ್ತಿಸಿ, ಒಳಗಿನ ಸರ್ಕಿಟ್ ಫಲಕದ ಮೇಲೆ ಬೆಸುಗೆ ಹಾಕಿದ ಸಣ್ಣ ಕನೆಕ್ಟರನ್ನು ಸಡಿಲಗೊಳಿಸುತ್ತದೆ. ಹೀಗಾದ ಯಂತ್ರ ಮೊದಲು ಕರಕರ ಸದ್ದು ಮಾಡುತ್ತ, ಕ್ರಮೇಣ ಕಿವುಡಾಗುತ್ತದೆ. ಇದಕ್ಕೆ ಸರಿಯಾದ ದಾರಿಯೆಂದರೆ ದಪ್ಪ ಕೇಬಲನ್ನು ಗೋಡೆಗೋ ಮೇಜಿನ ಅಂಚಿಗೋ ಕ್ಲಾಂಪಿನಿಂದ ಭದ್ರಪಡಿಸಿ, ಅಲ್ಲಿಂದ ಯಂತ್ರದವರೆಗೆ ಅರ್ಧ ಮೀಟರಿನಷ್ಟು ತೆಳುವಾದ, ಬಾಗುವ ಆರ್‌ಜಿ-316 ಅಥವಾ ಆರ್‌ಜಿ-174 ಕೇಬಲಿನ ತುಂಡೊಂದನ್ನು ಬಳಸುವುದು. ಹದಿನೈದು ಮೀಟರಿಗೆ ಕೆಟ್ಟದೆನಿಸುವ ತೆಳು ಕೇಬಲ್ ಅರ್ಧ ಮೀಟರಿಗೆ ಕಳೆಯುವುದು ಡೆಸಿಬೆಲಿನ ಹತ್ತರಲ್ಲೆರಡು ಪಾಲಿನಷ್ಟು ಮಾತ್ರ, ಮತ್ತು ಅದು ಯಂತ್ರದ ಕತ್ತಿನ ಮೇಲಿನ ಭಾರವನ್ನೆಲ್ಲ ಇಳಿಸುತ್ತದೆ.

ಮೇಲ್ತುದಿಯ ಜೋಡಣೆಗೆ ಬಿಸಿಲು ಮತ್ತು ನೀರು ವೈರಿಗಳು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಸೀಮೆಯಲ್ಲಿ ಅಗ್ಗದ ಬಿಳಿ ಕವಚದ ಕೇಬಲ್ ಕೆಲವೇ ವರ್ಷಗಳಲ್ಲಿ ಬಿರುಕು ಬಿಡುವುದರಿಂದ ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಕವಚದ್ದನ್ನು ಆರಿಸಬೇಕು. ಬಿರುಕಿನಿಂದಾಗಲಿ ಕನೆಕ್ಟರಿನ ಸಂದಿಯಿಂದಾಗಲಿ ಒಳಹೊಕ್ಕ ಮಳೆನೀರು ಹೆಣಿಗೆಯ ಉದ್ದಕ್ಕೂ ಹೀರಿಕೊಂಡು ಇಳಿಯುವುದರಿಂದ, ಕನೆಕ್ಟರಿನ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಪಟ್ಟಿಯನ್ನು ಸುತ್ತಬೇಕು, ಮತ್ತು ಕೇಬಲ್ ಗೋಡೆಯ ರಂಧ್ರವನ್ನು ಹೊಗುವ ಮುನ್ನ ಅದನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆತ್ತಬೇಕು. ಹರಿದು ಬಂದ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಎಂಥ ಆಂಟೆನಾ

ಆಂಟೆನಾದ ಉದ್ದವನ್ನು ಕೇಳಬೇಕಾದ ಅಲೆಯ ಉದ್ದ ನಿರ್ಧರಿಸುತ್ತದೆ. ಅತ್ಯಂತ ಸರಳವಾದದ್ದು ಕಾಲು ಅಲೆಯ ನೆಟ್ಟ ಕಡ್ಡಿ. 75ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿ, ನೂರಕ್ಕೆ ಐದರಷ್ಟನ್ನು ಕಳೆದರೆ ಅದರ ಉದ್ದ ಮೀಟರಿನಲ್ಲಿ ಸಿಗುತ್ತದೆ. ವಿಜಯಪುರ ಆಕಾಶವಾಣಿಯ 101.8 ಮೆಗಾಹರ್ಟ್ಸ್‌ಗೆ ಇದು 70 ಸೆಂಟಿಮೀಟರ್, ಹವ್ಯಾಸಿ ರೇಡಿಯೊದ 145 ಮೆಗಾಹರ್ಟ್ಸ್‌ಗೆ 49 ಸೆಂಟಿಮೀಟರ್. ಆ ಕಡ್ಡಿಯನ್ನು ಕೇಬಲಿನ ಒಳತಂತಿಗೆ ಸೇರಿಸಿ, ಅಷ್ಟೇ ಉದ್ದದ ನಾಲ್ಕು ಕಡ್ಡಿಗಳನ್ನು ಹೊರಹೆಣಿಗೆಗೆ ಸೇರಿಸಿ ಕೊಡೆಯ ಕಡ್ಡಿಗಳಂತೆ 45 ಡಿಗ್ರಿ ಕೆಳಕ್ಕೆ ಬಾಗಿಸಿದರೆ, ಅದರ ಇಂಪೆಡೆನ್ಸ್ 50 ಓಮಿನ ಸಮೀಪಕ್ಕೆ ಬಂದು ಒಳ್ಳೆಯ ಆಂಟೆನಾ ಸಿದ್ಧವಾಗುತ್ತದೆ. ಅಲ್ಯೂಮಿನಿಯಮ್ ಅಥವಾ ಹಿತ್ತಾಳೆಯ ಕಡ್ಡಿಗಳಿಂದ ಇದನ್ನು ಯಾವುದೇ ಕಾಲೇಜಿನ ಕಾರ್ಯಾಗಾರದಲ್ಲಿ ಮಾಡಿಕೊಳ್ಳಬಹುದು. ಹಲವು ಆವರ್ತನಗಳ ಮೇಲೆ ಹಾಯುವ ಸ್ಕ್ಯಾನರಿಗೆ ಒಂದೇ ಆಂಟೆನಾ ಸಾಕಾಗಬೇಕೆಂದಾದರೆ ಡಿಸ್ಕೋನ್ ಎಂಬುದು ತಕ್ಕದ್ದು. 1940ರ ದಶಕದಲ್ಲಿ ಅಮೆರಿಕದ ಆರ್ಮಿಗ್ ಕಾಂಡೋಯಾನ್ ರೂಪಿಸಿದ ಇದರಲ್ಲಿ ಮೇಲೆ ತಟ್ಟೆಯಂಥ ಭಾಗ, ಕೆಳಗೆ ಶಂಕುವಿನಂಥ ಭಾಗ ಇದ್ದು, ಕನಿಷ್ಠ ಆವರ್ತನದಿಂದ ಅದರ ಅನೇಕ ಪಟ್ಟಿನವರೆಗೆ ಸಮನಾಗಿ ಕೆಲಸ ಮಾಡುತ್ತದೆ. ವಿಸ್ತಾರವೇ ಅದರ ಗುಣ. ಯಾವುದೇ ಒಂದು ಆವರ್ತನದಲ್ಲಿ ವಿಶೇಷವಾದ ಬಲವನ್ನು ಅದರಿಂದ ನಿರೀಕ್ಷಿಸಬಾರದು.

ಸಂಕೇತ ಹೆಚ್ಚಾದಾಗಿನ ಕೇಡು

ಹೊರಗಿನ ಆಂಟೆನಾ ಜೋಡಿಸಿದ ಮೇಲೆ ಸ್ಕ್ಯಾನರ್ ಮೊದಲಿಗಿಂತ ಕೆಟ್ಟದಾಗಿ ಕೇಳಿಸುವ ಪ್ರಸಂಗವೂ ಇದೆ, ಮತ್ತು ಅದಕ್ಕೆ ಯಂತ್ರ ಕೆಟ್ಟಿರುವುದು ಕಾರಣವಲ್ಲ. ಕೈಯಂತ್ರದ ಮೊದಲ ವರ್ಧಕವನ್ನು ಗೇಣುದ್ದದ ಆಂಟೆನಾ ಕೊಡುವ ಕ್ಷೀಣ ಸಂಕೇತಕ್ಕೆ ತಕ್ಕಂತೆ ರೂಪಿಸಲಾಗಿರುತ್ತದೆ. ಎತ್ತರದ ಆಂಟೆನಾ ಬೇಕಾದ ಸಂಕೇತವನ್ನಷ್ಟೇ ಅಲ್ಲದೆ ಎಫ್‌ಎಂ ಕೇಂದ್ರ, ಮೊಬೈಲ್ ಗೋಪುರ ಮುಂತಾದ ಸಮೀಪದ ಪ್ರಬಲ ಸಂಕೇತಗಳನ್ನೂ ಒಟ್ಟಿಗೆ ತಂದು ಸುರಿಯುತ್ತದೆ. ಜಾತ್ರೆಯ ಧ್ವನಿವರ್ಧಕದ ಪಕ್ಕದಲ್ಲಿ ನಿಂತವನಿಗೆ ಎದುರಿನವನ ಪಿಸುಮಾತು ಕೇಳಿಸದಿರುವಂತೆ, ಹೊರೆ ಮೀರಿದ ವರ್ಧಕಕ್ಕೆ ಕ್ಷೀಣ ಸಂಕೇತ ಕಾಣದಾಗುತ್ತದೆ. ಅಷ್ಟೇ ಅಲ್ಲದೆ ಎರಡು ಪ್ರಬಲ ಸಂಕೇತಗಳು ಅದರೊಳಗೆ ಬೆರೆತು, ಆಕಾಶದಲ್ಲಿ ಇಲ್ಲವೇ ಇಲ್ಲದ ಮೂರನೆಯ ಆವರ್ತನದಲ್ಲಿ ಹುಸಿ ಸಂಕೇತವೊಂದನ್ನು ಹುಟ್ಟಿಸುತ್ತವೆ. ಇದಕ್ಕೆ ಅಂತರ್‌ಮಿಶ್ರಣ ಎನ್ನಬಹುದು.

ನಿಜವಾದ ಸಂಕೇತ ಯಾವುದು, ಹುಸಿ ಯಾವುದು ಎಂಬುದನ್ನು ಕಂಡುಹಿಡಿಯಲು ಖಚಿತವಾದ ಪರೀಕ್ಷೆ ಇದೆ. ಅನೇಕ ಸ್ಕ್ಯಾನರುಗಳಲ್ಲಿ ಅಟೆನ್ಯುಯೇಟರ್ ಎಂಬ, ಸಂಕೇತವನ್ನು ಬೇಕೆಂದೇ ತಗ್ಗಿಸುವ ಗುಂಡಿ ಇರುತ್ತದೆ. ಅದು 10 ಡೆಸಿಬೆಲ್ ತಗ್ಗಿಸಿದರೆ ನಿಜವಾದ ಸಂಕೇತವೂ 10 ಡೆಸಿಬೆಲ್ ಇಳಿಯುತ್ತದೆ, ಆದರೆ ಸಾಮಾನ್ಯವಾಗಿ ಕಾಡುವ ಮೂರನೆಯ ದರ್ಜೆಯ ಹುಸಿ ಸಂಕೇತ 30 ಡೆಸಿಬೆಲ್ ಕುಸಿದು ಮಾಯವಾಗುತ್ತದೆ. ಹೀಗಾಗಿ ತಗ್ಗಿಸುವುದರಿಂದಲೇ ಕೇಳಿಕೆ ಸ್ವಚ್ಛವಾಗುವುದುಂಟು. ಎಫ್‌ಎಂ ಪ್ರಸಾರದ 88ರಿಂದ 108 ಮೆಗಾಹರ್ಟ್ಸ್ ಪಟ್ಟಿಯನ್ನಷ್ಟೇ ತಡೆಯುವ ಫಿಲ್ಟರ್ ಹಾಕುವುದು ಇನ್ನೂ ಒಳ್ಳೆಯ ಉಪಾಯ. ಇದೇ ಕಾರಣಕ್ಕಾಗಿ, ಸಂಕೇತ ಸಾಲದೆಂದು ಟಿ.ವಿ. ಬೂಸ್ಟರನ್ನು ನಡುವೆ ಸೇರಿಸುವುದು ಬಹುತೇಕ ಸಂದರ್ಭಗಳಲ್ಲಿ ರೋಗಕ್ಕಿಂತ ಕೆಟ್ಟ ಔಷಧಿಯಾಗುತ್ತದೆ. ಮನೆಯೊಳಗಿನ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಸೌರ ಪಂಪಿನ ನಿಯಂತ್ರಕ ಇವು ಹೊರಸೂಸುವ ವಿದ್ಯುತ್ ಗದ್ದಲವೂ ಕೇಳಿಕೆಯನ್ನು ಕೆಡಿಸುತ್ತದೆ. ಆಂಟೆನಾವನ್ನು ಇವುಗಳಿಂದ ದೂರವಿಟ್ಟು, ಕೇಳುವಾಗ ಯಂತ್ರವನ್ನು ಚಾರ್ಜಿಗೆ ಹಾಕದೆ ಬ್ಯಾಟರಿಯ ಮೇಲೆಯೇ ನಡೆಸುವುದು ಲೇಸು.

ಸಿಡಿಲು ಮತ್ತು ಎರೆಮಣ್ಣು

ಬಯಲಿನಲ್ಲಿ ಎತ್ತರಕ್ಕೆ ನಿಂತ ಲೋಹದ ಕೊಳವೆ ರೇಡಿಯೊ ಅಲೆಯನ್ನು ಬರಮಾಡಿಕೊಳ್ಳುವಂತೆಯೇ ಸಿಡಿಲಿಗೂ ದಾರಿಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಗುಡುಗು ಸಿಡಿಲುಗಳೊಂದಿಗೆ ಬರುತ್ತದೆ, ಮತ್ತು ಹೊಲದಲ್ಲಿ ದುಡಿಯುವವರು ಸಿಡಿಲಿಗೆ ಬಲಿಯಾದ ಸುದ್ದಿ ಪ್ರತಿ ವರ್ಷವೂ ಕೇಳಿಬರುತ್ತದೆ. ನೇರವಾಗಿ ಬಡಿಯುವ ಸಿಡಿಲಿನಿಂದ ಯಂತ್ರವನ್ನು ಕಾಪಾಡುವ ಉಪಕರಣ ಮನೆಬಳಕೆಯ ಮಟ್ಟದಲ್ಲಿ ಇಲ್ಲ. ಆದುದರಿಂದ ಮೋಡ ಕವಿಯುವ ಮುನ್ನವೇ ಕೇಬಲನ್ನು ಯಂತ್ರದಿಂದ ಕಳಚಿ ಮನೆಯ ಹೊರಗಿಡುವುದು ಮೊದಲ ನಿಯಮ. ಗುಡುಗು ಕೇಳಿದ ಮೇಲೆ ಕೇಬಲನ್ನು ಮುಟ್ಟಲು ಹೋಗಬಾರದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಮತ್ತು ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳು ಇಂಥ ಮುನ್ನೆಚ್ಚರಿಕೆಗೆಂದೇ ರೂಪಿತವಾಗಿವೆ.

ದೂರದಲ್ಲಿ ಬಡಿದ ಸಿಡಿಲಿನಿಂದ ಕೇಬಲಿನಲ್ಲಿ ಹುಟ್ಟುವ ವಿದ್ಯುದ್ವೇಗ ಮತ್ತು ಒಣ ಗಾಳಿ ಉಜ್ಜಿ ಆಂಟೆನಾದಲ್ಲಿ ಕೂಡಿಕೊಳ್ಳುವ ಸ್ಥಿರ ವಿದ್ಯುತ್ತು, ಇವೆರಡರಿಂದಲೂ ಸ್ಕ್ಯಾನರಿನ ಸೂಕ್ಷ್ಮ ವರ್ಧಕ ಸುಟ್ಟುಹೋಗಬಹುದು. ಇದಕ್ಕಾಗಿ ಕೊಳವೆಯನ್ನು ದಪ್ಪ ತಾಮ್ರದ ತಂತಿಯಿಂದ ಭೂಮಿಗೆ ಜೋಡಿಸಬೇಕು, ಮತ್ತು ಕೇಬಲ್ ಮನೆಯನ್ನು ಹೊಗುವ ಜಾಗದಲ್ಲಿ ಅರೆಸ್ಟರ್ ಎಂಬ ರಕ್ಷಕವನ್ನು ಇಟ್ಟು ಅದನ್ನೂ ಭೂಮಿಗೆ ಸೇರಿಸಬೇಕು. ಇಲ್ಲಿ ಈ ಬಯಲಿನ ಎರೆಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಸ್ವಭಾವವನ್ನು ಅರಿಯುವುದು ಅಗತ್ಯ. ಹಸಿಯಾಗಿರುವಾಗ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ಆದರೆ ಬೇಸಿಗೆಯಲ್ಲಿ ಅದು ಕುಗ್ಗಿ ಬಾಯಿಬಿಟ್ಟಾಗ ಹುಗಿದ ಸರಳಿಗೂ ಮಣ್ಣಿಗೂ ನಡುವೆ ಸಂದು ಬಿದ್ದು ಸಂಪರ್ಕ ತಪ್ಪುತ್ತದೆ. ಸಿಡಿಲಿನ ಕಾಲ ಬರುವುದು ಅದೇ ಬೇಸಿಗೆಯ ಕೊನೆಯಲ್ಲಿ. ಆದುದರಿಂದ ಭೂಸಂಪರ್ಕದ ಸರಳನ್ನು ತೇವ ಆರದ ಆಳಕ್ಕೆ, ಎರಡೂವರೆಯಿಂದ ಮೂರು ಮೀಟರಿನಷ್ಟು ಇಳಿಸಿ, ಬೇಸಿಗೆಯಲ್ಲಿ ಅದರ ಬುಡಕ್ಕೆ ನೀರು ಹನಿಸುವ ವ್ಯವಸ್ಥೆ ಇಡಬೇಕು, ಮತ್ತು ಅದನ್ನು ಮನೆಯ ವಿದ್ಯುತ್ ಅರ್ಥಿಂಗ್ ಜೊತೆ ಬೆಸೆಯಬೇಕು. ಎರಡು ಬೇರೆ ಬೇರೆಯಾಗಿದ್ದರೆ ಸಿಡಿಲಿನ ಕ್ಷಣದಲ್ಲಿ ಅವುಗಳ ನಡುವಿನ ವಿದ್ಯುದಂತರ ಯಂತ್ರದ ಮೂಲಕವೇ ಹಾಯುತ್ತದೆ. ಕೊಳವೆ ಬಿದ್ದರೆ ಹೆಸ್ಕಾಂ ವಿದ್ಯುತ್ ತಂತಿಗಳಿಗೆ ತಾಗದಷ್ಟು ದೂರ ಎಲ್ಲ ದಿಕ್ಕಿನಲ್ಲಿಯೂ ಇದೆಯೆಂದು ಖಾತರಿ ಮಾಡಿಕೊಳ್ಳದೆ ಅದನ್ನು ಎತ್ತಲೇಬಾರದು.

ಕೇಳುವುದರ ಕಾನೂನು

ಅಮೆರಿಕದಂಥ ದೇಶಗಳಲ್ಲಿ ಸ್ಕ್ಯಾನರನ್ನು ಅಂಗಡಿಯಲ್ಲಿ ಕೊಂಡು ಪೊಲೀಸ್, ಅಗ್ನಿಶಾಮಕ ದಳಗಳ ಮಾತನ್ನು ಆಲಿಸುವ ಹವ್ಯಾಸ ಬಹುಕಾಲದಿಂದ ಇದೆ. ಭಾರತದಲ್ಲಿ ಹಾಗಿಲ್ಲ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ವೈರ್‌ಲೆಸ್ ಉಪಕರಣವನ್ನು ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕೆಂಬುದು ಇಲ್ಲಿನ ತತ್ತ್ವ. ಮನೆಯ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯುತ್ತಿದ್ದುದನ್ನು ಹಿರಿಯರು ಬಲ್ಲರು, ಅದು ರದ್ದಾದದ್ದು 1980ರ ದಶಕದಲ್ಲಿ. 2023ರ ದೂರಸಂಪರ್ಕ ಕಾಯ್ದೆಯು ಅನಧಿಕೃತವಾಗಿ ಸಂದೇಶಗಳನ್ನು ಕದ್ದಾಲಿಸುವುದಕ್ಕೆ ಮೂರು ವರ್ಷಗಳವರೆಗಿನ ಸೆರೆ ಅಥವಾ ಎರಡು ಕೋಟಿ ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಪರವಾನಗಿಯ ವಿವರವಿಲ್ಲದೆ ವಾಕಿಟಾಕಿಗಳನ್ನು ಅಂತರ್ಜಾಲದಲ್ಲಿ ಮಾರುತ್ತಿದ್ದ ತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸು ಕೊಟ್ಟದ್ದೂ ಇದೇ ತತ್ತ್ವದ ಮುಂದುವರಿಕೆ. ಪೊಲೀಸರ ಕಾರ್ಯಾಚರಣೆಯ ಮಾತಾಗಲಿ, ಸಂಕಟದಲ್ಲಿರುವವರ ಖಾಸಗಿ ವಿವರಗಳಾಗಲಿ ಎಲ್ಲರ ಕಿವಿಗೆ ಬೀಳಬೇಕಾದವಲ್ಲ ಎಂಬುದು ಕಾನೂನಿನ ಮಾತಷ್ಟೇ ಅಲ್ಲ, ನಾಗರಿಕ ಮರ್ಯಾದೆಯ ಮಾತೂ ಹೌದು.

ಆದರೆ ನ್ಯಾಯವಾಗಿ ಕೇಳುವ ದಾರಿಯೂ ತೆರೆದಿದೆ, ಅದು ಹವ್ಯಾಸಿ ರೇಡಿಯೊದ, ಅಂದರೆ ಹ್ಯಾಮ್ ರೇಡಿಯೊದ ದಾರಿ. ಹನ್ನೆರಡು ವರ್ಷ ತುಂಬಿದ ಯಾರೇ ಆಗಲಿ ಸರಳವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ದೂರಸಂಪರ್ಕ ಇಲಾಖೆಯಿಂದ ಪರವಾನಗಿಯನ್ನೂ ವಿಯು ಎಂದು ಮೊದಲಾಗುವ ಕರೆಹೆಸರನ್ನೂ ಪಡೆಯಬಹುದು. ಹ್ಯಾಮ್‌ಗಳು ‘ಹ್ಯಾಂಡಿ’ ಎಂದು ಕರೆಯುವ ಕೈಯಂತ್ರಕ್ಕೂ ಇಲ್ಲಿ ವಿವರಿಸಿದ ಜೋಡಣೆಯ ನಿಯಮಗಳೆಲ್ಲ ಹಾಗೆಯೇ ಅನ್ವಯಿಸುತ್ತವೆ. ಅದು ಪ್ರಸಾರವನ್ನೂ ಮಾಡುವುದರಿಂದ ಇಂಪೆಡೆನ್ಸಿನ ವಿಷಯದಲ್ಲಿ ಮಾತ್ರ ಹೆಚ್ಚಿನ ಕಟ್ಟುನಿಟ್ಟು ಬೇಕು.

ಕನ್ನಡ ನಾಡಿಗೆ ಈ ಹಾದಿಯಲ್ಲಿ ಹಿರಿದಾದ ಪರಂಪರೆ ಇದೆ. ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಆರಂಭಿಸಿದ ಖಾಸಗಿ ಬಾನುಲಿ ಕೇಂದ್ರ ದೇಶದ ಪ್ರಸಾರ ಸಂಸ್ಥೆಗೆ ‘ಆಕಾಶವಾಣಿ’ ಎಂಬ ಹೆಸರನ್ನೇ ಕೊಟ್ಟಿತು. 2005ರ ಮೇ 5ರಂದು ಇಸ್ರೊ ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನ ಮೂಲಕ ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಸುಮಾರು 42 ಕಿಲೋಗ್ರಾಮಿನ ಪುಟ್ಟ ಉಪಗ್ರಹ ಜಗತ್ತಿನ ಹವ್ಯಾಸಿಗಳ ಸಂಕೇತವನ್ನು 435 ಮೆಗಾಹರ್ಟ್ಸ್‌ನಲ್ಲಿ ಪಡೆದು 145 ಮೆಗಾಹರ್ಟ್ಸ್‌ನಲ್ಲಿ ಮರಳಿಸುತ್ತ, ಬ್ಯಾಟರಿ ಸೋಲುವವರೆಗೆ, ಅಂದರೆ 2014ರ ಜುಲೈವರೆಗೆ ದುಡಿಯಿತು. 2025ರ ಜುಲೈ 4ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದ ವಿದ್ಯಾರ್ಥಿಗಳೊಂದಿಗೆ ಮಾತನಾಡಿದ್ದೂ ಹವ್ಯಾಸಿ ರೇಡಿಯೊ ಸಂಪರ್ಕದ ಮೂಲಕವೇ. ಆ ನಿಲ್ದಾಣದ ಹವ್ಯಾಸಿ ಧ್ವನಿ 145.800 ಮೆಗಾಹರ್ಟ್ಸ್‌ನಲ್ಲಿ ಭೂಮಿಗೆ ಇಳಿಯುತ್ತದೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಅದು ನೆತ್ತಿಯ ಮೇಲೆ ಹಾಯುವಾಗ ಕೈಯಂತ್ರದ ಸ್ವಂತ ಆಂಟೆನಾಕ್ಕೂ ಕೇಳಿಸುತ್ತದೆ. ದಿಗಂತದ ಬಳಿ ಇರುವಾಗ ದೂರ 2,000 ಕಿಲೋಮೀಟರನ್ನು ಮೀರುವುದರಿಂದ ಸಂಕೇತದ ಶಕ್ತಿ ಇಪ್ಪತ್ತೈದನೆಯ ಒಂದು ಪಾಲಿಗೂ ಕೆಳಗಿಳಿಯುತ್ತದೆ. ಆಗ ನೆರವಾಗುವುದು ಮಾಳಿಗೆಯ ಮೇಲಿನ 49 ಸೆಂಟಿಮೀಟರಿನ ಕಡ್ಡಿ ಮತ್ತು ನಷ್ಟ ಕಡಿಮೆಯಿರುವ ಕೇಬಲ್.

ಇದು ಕೇವಲ ವಿನೋದದ ವಿಷಯವಲ್ಲ. 2004ರ ಸುನಾಮಿಯ ಸಮಯದಲ್ಲಿ ಪೋರ್ಟ್ ಬ್ಲೇರಿನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಸಂಗಡಿಗರು, ಉಳಿದ ಸಂಪರ್ಕಗಳು ಕಡಿದಾಗ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ತಲಪಿಸಿದರು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನದಿದಂಡೆ ಕಂಡ ಸಂಕಷ್ಟವನ್ನು ನೆನೆದರೆ, ಮೊಬೈಲ್ ಗೋಪುರವನ್ನು ನೆಚ್ಚದೆ ಸಂಕೇತ ಹಿಡಿಯಬಲ್ಲ ಜನ ಹಳ್ಳಿಹಳ್ಳಿಯಲ್ಲಿ ಇರಬೇಕಾದ ಅಗತ್ಯ ತಾನಾಗಿಯೇ ತಿಳಿಯುತ್ತದೆ. ಅಂಥ ಜನರನ್ನು ತಯಾರು ಮಾಡಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಜೈನಾಪುರ, ಬಬಲೇಶ್ವರ, ತಿಕೋಟಾದ ಪ್ರೌಢಶಾಲೆಗಳು ಮತ್ತು ಪದವಿಪೂರ್ವ ಕಾಲೇಜುಗಳು ಪರವಾನಗಿ ಪಡೆದ ಹ್ಯಾಮ್ ಒಬ್ಬರ ಮಾರ್ಗದರ್ಶನದಲ್ಲಿ ಐದು ಕಡ್ಡಿಗಳ ಆಂಟೆನಾ, ಡಿಷ್‌ನ ಕೇಬಲ್, ಆಳವಾದ ಭೂಸಂಪರ್ಕ ಮತ್ತು ಒಂದು ಸಾಧಾರಣ ಕೈಯಂತ್ರ ಇಷ್ಟರಿಂದಲೇ ಕೇಳುವ ಕೇಂದ್ರವೊಂದನ್ನು ನಿಲ್ಲಿಸಬಹುದು. ಖರ್ಚಿಗೆ ಮಿತಿ ಇರುವಲ್ಲಿ ಹಣವನ್ನು ಮೊದಲು ಎತ್ತರಕ್ಕೆ ಮತ್ತು ಭೂಸಂಪರ್ಕಕ್ಕೆ, ಆಮೇಲೆ ಕೇಬಲಿಗೆ, ಕಟ್ಟಕಡೆಗೆ ಯಂತ್ರಕ್ಕೆ ಹಾಕಬೇಕು. ಅಂಗಡಿಯ ಗಾಜಿನೊಳಗಿನ ಯಂತ್ರ ಎಷ್ಟೇ ಆಕರ್ಷಕವಾಗಿದ್ದರೂ, ಈ ಕ್ರಮವನ್ನು ಪಾಲಿಸಿದ ಶಾಲೆಯ ವಿದ್ಯಾರ್ಥಿಗಳಿಗೆ ಅಲೆ, ವಿದ್ಯುತ್ತು, ಮಣ್ಣು ಮತ್ತು ಕಾನೂನು ಈ ನಾಲ್ಕರ ಪಾಠವೂ ಒಂದೇ ಕೆಲಸದಲ್ಲಿ ದೊರೆಯುತ್ತದೆ.